ಎಕ್ಸ್‌ಗಿಂತ ಮೊದಲು ಸಮ ಚಿಹ್ನೆ

ನಮಸ್ಕಾರ. ಬೇಸಿಗೆ ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ತಂದೆತಾಯಂದಿರಿಗೆ ಒಂದೇ ಚಿಂತೆ: ಮುಂದಿನ ವರ್ಷ ಮಗುವಿಗೆ ಬೀಜಗಣಿತ ಶುರು, ಈಗಲೇ ಯಾವ ಕ್ಲಾಸಿಗೆ ಹಾಕೋಣ? ಸಪ್ತಾಪುರವೋ, ವಿದ್ಯಾನಗರವೋ? ಎಲ್ಲಿಗೂ ಬೇಡ ಎನ್ನುವವನು ನಾನು.

ಎಕ್ಸ್, ವೈ ಪಕ್ಕಕ್ಕಿಡಿ. ಒಂದು ಹಾಳೆಯ ಮೇಲೆ 8 + 4 = __ + 5 ಎಂದು ಬರೆದು ಮಗುವಿಗೆ ಕೊಡಿ. ನಡುವೆ ಬಾಯಿ ಹಾಕಬೇಡಿ. ಎಷ್ಟೋ ಮಕ್ಕಳು ಖಾಲಿ ಜಾಗದಲ್ಲಿ 12 ಬರೆಯುತ್ತಾರೆ. ಕೆಲವರು 5ನ್ನೂ ಕೂಡಿಸಿ 17 ಎನ್ನುತ್ತಾರೆ. ಬರಬೇಕಾದದ್ದು 7. ಇದು ದಡ್ಡತನವಲ್ಲ. ಒಂದನೇ ತರಗತಿಯಿಂದ ಮಗು ಕಂಡದ್ದೆಲ್ಲ ಎಡಕ್ಕೆ ಲೆಕ್ಕ, ಬಲಕ್ಕೆ ಉತ್ತರ. ಹಾಗಾಗಿ ಸಮ ಚಿಹ್ನೆಯನ್ನು "ಇನ್ನು ಉತ್ತರ ಬರೆ" ಎಂಬ ಅಪ್ಪಣೆ ಎಂದೇ ತಿಳಿದಿದೆ. 1557ರಲ್ಲಿ ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ ಚಿಹ್ನೆಯನ್ನು ಬಳಕೆಗೆ ತಂದದ್ದೇ ಎರಡು ಸಮಾನಾಂತರ ಗೆರೆಗಳಿಗಿಂತ ಸಮವಾದದ್ದು ಇನ್ನೊಂದಿಲ್ಲ ಎಂಬ ಕಾರಣಕ್ಕೆ.

ಈಗ ಮಗುವಿನ ನೋಟ್‌ಬುಕ್ ತೆರೆಯಿರಿ. 12 + 8 = 20 × 3 = 60 ಎಂಬಂಥ ಸಾಲು ಎಲ್ಲೋ ಸಿಕ್ಕೇ ಸಿಗುತ್ತದೆ. ಕೊನೆಯ 60 ಸರಿಯಿದೆ ಎಂದು ಮಾಸ್ತರೂ ಟಿಕ್ ಹಾಕಿರುತ್ತಾರೆ! ಆ ಸಾಲಿನ ಪ್ರಕಾರ 12ಕ್ಕೆ 8 ಕೂಡಿಸಿದರೆ 60. ಇದನ್ನು ಈಗ ತಿದ್ದದಿದ್ದರೆ ಸಮೀಕರಣಕ್ಕೆ ಬಂದಾಗ ಮಗು ಕಕ್ಕಾಬಿಕ್ಕಿಯಾಗುವುದು ಖಂಡಿತ.

ಇನ್ನು ಉಲ್ಟಾ ಲೆಕ್ಕ. ದುರ್ಗದಬೈಲಿನಲ್ಲಿ ನಾಲ್ಕು ಪ್ಲೇಟ್ ಗಿರ್ಮಿಟ್, ಜೊತೆಗೆ 40 ರೂಪಾಯಿಯ ಚಹಾ. ಒಟ್ಟು 160 ಆಯಿತೆಂದುಕೊಳ್ಳಿ. ಒಂದು ಪ್ಲೇಟಿಗೆ ಎಷ್ಟು? ಮಗು 30 ಎಂದು ಬಾಯಲ್ಲೇ ಹೇಳೀತು. ಶಾಬಾಸ್ ಎಂದು ಅಲ್ಲಿಗೇ ಬಿಡಬೇಡಿ. "ಚಹಾದ ದುಡ್ಡನ್ನು ಮೊದಲು ಕಳೆದದ್ದು ಯಾಕೆ? ಮೊದಲೇ 4ರಿಂದ ಭಾಗಿಸಿದ್ದರೆ?" ಎಂದು ಕೆದಕಿ. ಭಾಗಿಸಬಹುದು, ಆದರೆ ಚಹಾದ 40ನ್ನೂ ಭಾಗಿಸಬೇಕಾಗುತ್ತದೆ. 160ರ ಕಾಲುಭಾಗ 40, ಚಹಾದ ಕಾಲುಭಾಗ 10; 40ರಲ್ಲಿ 10 ಹೋದರೆ ಮತ್ತೆ ಅದೇ 30. ಇಷ್ಟನ್ನು ಮಗು ತಾನೇ ಕಂಡುಕೊಂಡರೆ 4ಎಕ್ಸ್ + 40 = 160 ಎಂಬುದು ಅದಕ್ಕೆ ಗಿರ್ಮಿಟ್ಟಿನ ಬಿಲ್ಲು, ಅಷ್ಟೇ.

ಋಣ ಸಂಖ್ಯೆಗೆ ಕಿರಾಣಿ ಅಂಗಡಿಯ ಉದ್ರಿ ಸಾಕು. ಬ್ರಹ್ಮಗುಪ್ತ 628ರಲ್ಲೇ ಅದರ ನಿಯಮಗಳನ್ನು ಹೇಳಿದ್ದು ಆಸ್ತಿ ಮತ್ತು ಸಾಲದ ಹೆಸರಿನಲ್ಲೇ.

ಭಿನ್ನರಾಶಿಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. 1/3 ಕಂಡ ಕೂಡಲೇ 0.33 ಎಂದು ಬರೆಯುವ ಚಾಳಿ ಬಿಡಿಸಿ. 0.33ನ್ನು ಮೂರು ಸಲ ಕೂಡಿಸಿದರೂ ಒಂದಾಗುವುದಿಲ್ಲ, 0.99ಕ್ಕೇ ನಿಲ್ಲುತ್ತದೆ. ಬೀಜಗಣಿತದಲ್ಲಿ ತಲೆಕೆಡಿಸಿಕೊಳ್ಳುವ ಅನೇಕ ಮಕ್ಕಳು ನಿಜವಾಗಿ ಎಡವಿರುವುದು ಭಿನ್ನರಾಶಿಯಲ್ಲಿ. ಬೈಸಿಕೊಳ್ಳುವುದು ಮಾತ್ರ ಪಾಪ ಎಕ್ಸ್!

ಇಷ್ಟು ಹೇಳಿದರೂ ಕ್ಲಾಸಿಗೆ ಸೇರಿಸಿಯೇ ತೀರುತ್ತೇವೆ ಎನ್ನುವವರು ಫೀ ಕಟ್ಟುವ ಮೊದಲು ಅಲ್ಲಿನ ಸರ್ ಹತ್ತಿರ ಒಂದು ಮಾತು ಕೇಳಿ: ಸಮ ಚಿಹ್ನೆಯ ಈಚೆ ಕೂಡಿಸಿದ್ದ 40 ಆಚೆ ಹೋದಾಗ ಕಳೆಯುವ 40 ಆಗುವುದು ಯಾಕೆಂದು ಮಕ್ಕಳಿಗೆ ಹೇಗೆ ತಿಳಿಸುತ್ತೀರಿ? "ಅದು ನಿಯಮ, ಬಾಯಿಪಾಠ ಮಾಡಿಸುತ್ತೇವೆ" ಎಂದರೆ ದುಡ್ಡು ಜೇಬಿನಲ್ಲೇ ಇರಲಿ, ಮಗುವನ್ನು ಕರೆದುಕೊಂಡು ಮನೆಗೆ ಬನ್ನಿ.