ಮಗು ಮಲಗಿದೆ ಎಂದಿತು ಆಪ್

[ದೃಶ್ಯ: ಮೊಬೈಲ್ ಪರದೆ. ಹಸಿರು ಗುರುತಿನ ಪಕ್ಕದಲ್ಲಿ ‘ನಿದ್ದೆ, 2.10’]

ನಮಸ್ಕಾರ. ಕಳೆದ ವರ್ಷ ಒಂದು ಮಧ್ಯಾಹ್ನ, ಮಗಳು ಮಲಗಿದ್ದಾಳೆ ಎಂದು ಡೇ ಕೇರ್‌ನ ಆಪ್ ನನಗೆ ತಿಳಿಸಿತು. ಆಗ ನಾನು ಅದೇ ಡೇ ಕೇರ್‌ನ ಗೇಟಿನ ಮುಂದೆ ಮಳೆಯಲ್ಲಿ ನಿಂತಿದ್ದೆ. ಮಗಳು ಕಿಟಕಿಯ ಸರಳು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಒಂದೇ ಕಾಲಿನಲ್ಲಿ ಸಾಕ್ಸ್. ಅವಳ ಹಿಂದೆ ಹದಿನಾಲ್ಕು ಮಕ್ಕಳು, ಒಬ್ಬರೇ ಆಯಾ. ಆಕೆಯ ಸೊಂಟದಲ್ಲಿ ಒಂದು ಕೂಸು, ಸೆರಗು ಜಗ್ಗುತ್ತಿದ್ದದ್ದು ಇನ್ನೊಂದು. ಆಕೆಯ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸು ಬರಲಿಲ್ಲ.

[ದೃಶ್ಯ: ಕಪ್ಪು ಹಲಗೆ, ಸೀಮೆಸುಣ್ಣದ ಲೆಕ್ಕ]

ಡೇ ಕೇರ್ ನಡೆಸುವವರು ಬಾಡಿಗೆ ಇಳಿಸಲಾರರು. ಕೋರಮಂಗಲದ ಕಟ್ಟಡದ ಮಾಲೀಕರು ಬಿಡುವವರಲ್ಲ. ಫ್ರಾಂಚೈಸಿಯಾದರೆ ಬ್ರ್ಯಾಂಡಿಗೆ ರಾಯಲ್ಟಿ ಕಟ್ಟಲೇಬೇಕು. ಕತ್ತರಿ ಹಾಕಲು ಉಳಿಯುವ ದೊಡ್ಡ ಬಾಬ್ತು ಸಂಬಳ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಇರಬೇಕೆಂದು ಕೇಂದ್ರ ಸರ್ಕಾರದ 2013ರ ಶಿಶು ಆರೈಕೆ ನೀತಿ ಹೇಳುತ್ತದೆ. ಮೂವತ್ತು ಮಕ್ಕಳಿಗೆ ಮೂವರು. ಇಬ್ಬರಲ್ಲೇ ಸಾಗಿಸಿದರೆ ಮೂರನೆಯವರ ಸಂಬಳ ಲಾಭದ ಖಾತೆಗೆ ಜಮೆ.

ಹೋಟೆಲಿನ ಸಾಂಬಾರು ಹಳಸಿದ್ದರೆ ತಿಂದವರ ನಾಲಿಗೆಗೇ ಗೊತ್ತಾಗುತ್ತದೆ. ಇಲ್ಲಿ ದುಡ್ಡು ಕೊಡುವ ನಾವು ಒಳಗಿರುವುದಿಲ್ಲ, ಒಳಗಿರುವವರಿಗೆ ಇನ್ನೂ ಮಾತು ಬಂದಿರುವುದಿಲ್ಲ. ನಮಗೆ ಕಾಣುವುದು ಗೋಡೆಯ ಮೇಲಿನ ಜಿರಾಫೆ. ಹಾಗಾಗಿ ಜಿರಾಫೆಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಕಡಿಮೆ ಸಂಬಳಕ್ಕೆ ಬಂದ ಆಯಾಗಳು ಹೆಚ್ಚು ದಿನ ನಿಲ್ಲುವುದಿಲ್ಲ. ಆರು ತಿಂಗಳಲ್ಲಿ ನನ್ನ ಮಗಳು ಮೂವರನ್ನು ‘ಆಂಟಿ’ ಎಂದು ಕರೆದಳು. ನಾಲ್ಕನೆಯವರನ್ನು ಏನೆಂದೂ ಕರೆಯಲಿಲ್ಲ.

ಕಾನೂನು ಇದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯಿಂದ ಬಂದ ನಿಯಮದಂತೆ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ಎಷ್ಟೋ ಕಂಪನಿಗಳು ಇದನ್ನು ಹೊರಗಿನ ಡೇ ಕೇರ್‌ಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತವೆ. ಔಟರ್ ರಿಂಗ್ ರೋಡಿನಲ್ಲಿ ದಿನಕ್ಕೆ ನಾಲ್ಕು ಸಲ ಹೋಗಿ ಬಂದವರಿದ್ದರೆ ಅವರ ದರ್ಶನ ಮಾಡಬೇಕೆಂದಿದ್ದೇನೆ. ರಾಜ್ಯ ಸರ್ಕಾರದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳಿರುವುದು ಗ್ರಾಮ ಪಂಚಾಯಿತಿಗಳಲ್ಲಿ, ಶುರುವಾದದ್ದು ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ.

[ದೃಶ್ಯ: ಆಸ್ಟ್ರೇಲಿಯಾ ನಕಾಶೆ]

ಮಕ್ಕಳ ಆರೈಕೆ ಷೇರುಪೇಟೆಗೆ ಹೋದರೆ ಏನಾಗಬಹುದು? ಆಸ್ಟ್ರೇಲಿಯಾದ ಎಬಿಸಿ ಲರ್ನಿಂಗ್ 2001ರಲ್ಲಿ ಷೇರುಪೇಟೆಗೆ ಬಂತು. ಸಾಲ ಮಾಡಿ ಚಿಕ್ಕ ಕೇಂದ್ರಗಳನ್ನು ಕೊಳ್ಳುತ್ತಾ ಸಾವಿರಕ್ಕೂ ಹೆಚ್ಚು ಕೇಂದ್ರಗಳಿಗೆ ಬೆಳೆದು, 2008ರ ನವೆಂಬರ್‌ನಲ್ಲಿ ಕುಸಿಯಿತು. ಬಾಗಿಲು ಮುಚ್ಚದಂತೆ ನೋಡಿಕೊಳ್ಳಲು ಅಲ್ಲಿನ ಸರ್ಕಾರ ಮೊದಲಿಗೇ 2.2 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಕೊನೆಗೆ ಸುಮಾರು 650 ಕೇಂದ್ರಗಳನ್ನು ವಹಿಸಿಕೊಂಡದ್ದು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಒಕ್ಕೂಟ.

[ದೃಶ್ಯ: ಕಾಂಪೌಂಡಿನ ಒಳಗೆ ಒಣಗುತ್ತಿರುವ ಪುಟ್ಟ ಟವೆಲ್ಲುಗಳು]

ಮಗಳು ಈಗ ಪಕ್ಕದ ರಸ್ತೆಯ ಒಂದು ಮನೆಗೆ ಹೋಗುತ್ತಾಳೆ. ಎಂಟು ಮಕ್ಕಳು, ಇಬ್ಬರು ಹೆಂಗಸರು. ಅದೂ ವ್ಯಾಪಾರವೇ, ಶುಲ್ಕವೂ ಕಡಿಮೆಯೇನಲ್ಲ. ಗೋಡೆಗೆ ಜಿರಾಫೆ ಇಲ್ಲ, ಆಪ್ ಇಲ್ಲ. ಮಧ್ಯಾಹ್ನ ಫೋನ್ ಮಾಡಿದರೆ ಕೆಲವೊಮ್ಮೆ ಎತ್ತುವುದಿಲ್ಲ. ಕೈಯಲ್ಲಿ ಮಗುವಿತ್ತು ಎಂದು ಆಮೇಲೆ ಹೇಳುತ್ತಾರೆ.