ನೀಲಿ ಪೆಟ್ರೋಲಿನಲ್ಲಿ ಉಳಿದ ಸೀಸ

[ಕ್ಲೋಸಪ್: ಪಾರದರ್ಶಕ ಕಪ್ಪಿನಲ್ಲಿ ತಿಳಿನೀಲಿ ಇಂಧನ]

ನಮಸ್ಕಾರ. ಸಣ್ಣ ವಿಮಾನ ಹತ್ತೋ ಮುಂಚೆ ಪೈಲಟ್ ರೆಕ್ಕೆಯ ಕೆಳಗೆ ಬಗ್ಗಿ, ಟ್ಯಾಂಕಿನಿಂದ ಒಂದಿಷ್ಟು ಇಂಧನ ಇಳಿಸಿಕೊಂಡು ಬೆಳಕಿಗೆ ಹಿಡೀತಾರೆ. ತಳದಲ್ಲಿ ನೀರು ಕೂತಿದೆಯಾ? ಬಣ್ಣ ಸರಿಯಾಗಿದೆಯಾ? ನೀಲಿ ಇದ್ದರೆ ಅದು ‘ಹಂಡ್ರೆಡ್ ಎಲ್‌ಎಲ್’. ಎಲ್‌ಎಲ್ ಅಂದರೆ ಲೋ ಲೆಡ್, ಕಡಿಮೆ ಸೀಸ.

ಈ ‘ಕಡಿಮೆ’ಯನ್ನ ನಂಬಿ ಕೂರಬೇಡಿ. ವಿಮಾನಗಳ ಹಳೆಯ, ಹಸಿರು ಬಣ್ಣದ ಇಂಧನದಲ್ಲಿ ಲೀಟರಿಗೆ 1.12 ಗ್ರಾಂವರೆಗೆ ಸೀಸ ಇರಬಹುದಿತ್ತು. ಇದರಲ್ಲಿ 0.56 ಗ್ರಾಂವರೆಗೆ. ಅರ್ಧಕ್ಕೆ ಇಳಿಯಿತು, ಅಷ್ಟೆ.

ಸೀಸ ಯಾಕೆ ಬೇಕು? ಸ್ಪಾರ್ಕ್ ಪ್ಲಗ್ ಹಚ್ಚಿದ ಬೆಂಕಿ ಸಿಲಿಂಡರ್ ತುಂಬ ಹರಡೋ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿದರೆ, ಅದು ನಾಕಿಂಗ್. ಇಂಜಿನ್ನೇ ಹಾಳಾಗಬಹುದು. ಕಾರಾದರೆ ಪಕ್ಕಕ್ಕೆ ಹಾಕಿ ಇಳೀಬಹುದು. ಆಗಷ್ಟೇ ನೆಲ ಬಿಟ್ಟ ವಿಮಾನ ಎಲ್ಲಿಗೆ ಹೋಗಬೇಕು? ಟೆಟ್ರಾಈಥೈಲ್ ಲೆಡ್ ಅನ್ನೋ ಸೀಸದ ಸಂಯುಕ್ತ ಈ ನಾಕಿಂಗ್ ತಡೆಯುತ್ತೆ ಅಂತ 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಕಂಡುಕೊಂಡರು. ಜೆಟ್‌ಗಳಿಗೆ ಈ ರಗಳೆ ಇಲ್ಲ, ಅವುಗಳಲ್ಲಿ ಸೀಮೆಎಣ್ಣೆಯಂಥ ಇಂಧನ ಒಂದೇ ಸಮನೆ ಉರೀತಿರುತ್ತೆ.

[ದೃಶ್ಯ: ರನ್‌ವೇ ಬದಿಯ ಮನೆಗಳು, ಮೇಲಿಂದ]

ಇದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣ. ಸುತ್ತಮುತ್ತಲಿನ ಮಕ್ಕಳ ಸುಮಾರು 17,000 ರಕ್ತಪರೀಕ್ಷೆಗಳನ್ನ ಜೋಡಿಸಿ ನೋಡಿದ ಅಧ್ಯಯನ 2021ರಲ್ಲಿ ಹೊರಬಂತು. ನಿಲ್ದಾಣಕ್ಕೆ ಹತ್ತಿರ ಇದ್ದಷ್ಟೂ, ಗಾಳಿ ಬೀಸೋ ದಿಕ್ಕಿನಲ್ಲಿ ಇದ್ದಷ್ಟೂ ರಕ್ತದಲ್ಲಿ ಸೀಸ ಜಾಸ್ತಿ. ಮಗುವಿನ ಮಿದುಳಿಗೆ ‘ಇಷ್ಟಾದರೆ ಪರವಾಗಿಲ್ಲ’ ಅನ್ನೋ ಸೀಸದ ಮಟ್ಟವೇ ಇಲ್ಲ. ನಿಲ್ದಾಣ ನಡೆಸುವ ಸ್ಥಳೀಯ ಆಡಳಿತ, ಸಾಂಟಾ ಕ್ಲಾರಾ ಕೌಂಟಿ, 2022ರ ಜನವರಿಯಿಂದ ಅಲ್ಲಿ ಸೀಸದ ಇಂಧನ ಮಾರೋದನ್ನೇ ನಿಲ್ಲಿಸಿತು.

ಸೀಸ ಇಲ್ಲದ 94 ಆಕ್ಟೇನ್ ಇಂಧನ ಆಗಲೇ ಇತ್ತು. ಆಕ್ಟೇನ್ ಅಂದರೆ ನಾಕಿಂಗ್ ತಡೆಯೋ ಶಕ್ತಿಯ ಅಳತೆ. ಸುಮಾರು ವಿಮಾನಗಳಿಗೆ ಅದು ಸಾಕು. ಆದರೆ ಹೆಚ್ಚು ಆಕ್ಟೇನ್ ಬೇಡುವ ದೊಡ್ಡ ಇಂಜಿನ್‌ಗಳೇ ಒಟ್ಟು ಇಂಧನದ ಬಹುಪಾಲು ಕುಡಿಯೋದು. ಕಗ್ಗಂಟು ಇರೋದೇ ಇಲ್ಲಿ. ಆ ಇಂಜಿನ್‌ಗಳಿಗೂ ಆಗುವ, ಜೇನುಬಣ್ಣದ, ಸೀಸ ಇಲ್ಲದ ಇಂಧನ ಜಿ100ಯುಎಲ್‌ಗೆ 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಒಪ್ಪಿಗೆ ಕೊಟ್ಟಿತು. ಬಳಸಿದ ಕೆಲವರು ವಿಮಾನದ ಮೇಲಿನ ಬಣ್ಣ ಕಿತ್ತುಬರ್ತಿದೆ ಅಂತ ದೂರಿದ್ದಾರೆ. ಅದನ್ನ ಕಡೆಗಣಿಸೋ ಹಾಗಿಲ್ಲ, ಹಾಗಂತ ಪ್ರಯತ್ನ ಕೈಬಿಡೋ ಹಾಗೂ ಇಲ್ಲ. 2030ರ ಕೊನೆಯೊಳಗೆ ಸೀಸ ತೆಗೀಬೇಕು ಅನ್ನೋದು ಅಲ್ಲಿನ ಗುರಿ.

ನಮ್ಮಲ್ಲಿ ಕಾರು, ಬೈಕಿನ ಪೆಟ್ರೋಲಿನಿಂದ ಸೀಸ ಹೋಗಿದ್ದು 2000ದಲ್ಲಿ. 2022ರಲ್ಲಿ ಇಂಡಿಯನ್ ಆಯಿಲ್ ಹಂಡ್ರೆಡ್ ಎಲ್‌ಎಲ್ ಅನ್ನ ದೇಶದಲ್ಲೇ ತಯಾರಿಸಿ ಬಿಡುಗಡೆ ಮಾಡಿತು. ಅದಕ್ಕೂ ಮುಂಚೆ ಹೊರಗಿಂದ ತರಿಸಬೇಕಿತ್ತು. ಆ ಖರ್ಚು ಉಳಿದರೆ ಒಳ್ಳೆಯದೇ, ಆದರೆ ಸೀಸ ಅದೇ ಸೀಸ. ಸಣ್ಣ ವಿಮಾನಗಳು ಹಾರುವ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನ ಸುತ್ತ ಈಗ ಮನೆ, ಅಪಾರ್ಟ್‌ಮೆಂಟ್ ಎಷ್ಟು ಎದ್ದಿವೆ ನೋಡಿ. ರೀಡ್-ಹಿಲ್‌ವ್ಯೂನಲ್ಲಿ ಮಕ್ಕಳ ರಕ್ತ ನೋಡಿದ ಹಾಗೆ ಇಲ್ಲೂ ನೋಡಬೇಕು ಅಂತ ನಾವು ಕೇಳೋಣ.