ನಿಧಾನ ವಿಹಾರಕ್ಕೆ 300 ಅಶ್ವಶಕ್ತಿ ಏಕೆ?

ಎಲ್ಲರಿಗೂ ನಮಸ್ಕಾರ. ನೀರಿನ ಮೇಲೆ ಬೈಕಿನಂತೆ ಕೂತು ಓಡಿಸುವ ಜೆಟ್ ಸ್ಕೀಯನ್ನು ಮೊದಲ ಸಲ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟು ಅಶ್ವಶಕ್ತಿಯದನ್ನು ತೆಗೆದುಕೊಳ್ಳಲಿ? ತೆಗೆದುಕೊಂಡು ಏನು ಮಾಡುತ್ತೀರಿ ಎಂದು ತಿರುಗಿ ಕೇಳಿದರೆ, ಮನೆಯವರನ್ನು ಹಿಂದೆ ಕೂರಿಸಿಕೊಂಡು ದಡದುದ್ದಕ್ಕೂ ಆರಾಮವಾಗಿ ಸುತ್ತಾಡಬೇಕು, ಎಲ್ಲಾದರೂ ನಿಲ್ಲಿಸಿ ಸ್ವಲ್ಪ ಈಜಬೇಕು, ಕತ್ತಲಾಗುವ ಮುಂಚೆ ಮರಳಬೇಕು ಎನ್ನುತ್ತಾರೆ. ಈ ಪ್ರಶ್ನೆಗೂ ಈ ಉತ್ತರಕ್ಕೂ ಸಂಬಂಧವೇ ಇಲ್ಲ. ಇವತ್ತು ನಾನು ಮಾತನಾಡುವುದು ಅದರ ಬಗ್ಗೆ.

ವಿಹಾರಕ್ಕೆಂದು ಕೊಳ್ಳುವವರು ಗರಿಷ್ಠ ವೇಗವನ್ನು ಲೆಕ್ಕದಿಂದಲೇ ತೆಗೆದುಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಗಂಟೆಗೆ 40–50 ಕಿಲೋಮೀಟರ್ ವೇಗದಲ್ಲಿ ಆ ಯಂತ್ರ ಹೇಗೆ ಓಡುತ್ತದೆ, ಅಲೆಗಳ ಮೇಲೆ ಬೆನ್ನಿಗೆ ಎಷ್ಟು ಪೆಟ್ಟು ಕೊಡುತ್ತದೆ, ಹಿಂದೆ ಕೂತವರು ಒಂದು ಗಂಟೆಯ ನಂತರವೂ ನಗುತ್ತಿರುತ್ತಾರೆಯೇ, ಇಷ್ಟನ್ನು ನೋಡಿ ಕೊಳ್ಳಬೇಕು. ನಿಮ್ಮ ಸಮಯದ ಬಹುಪಾಲು ಕಳೆಯುವುದು ಆ ವೇಗದಲ್ಲಿಯೇ.

ಸೂಪರ್‌ಚಾರ್ಜರ್, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ, ಇರುವ 300 ಅಶ್ವಶಕ್ತಿಯ ಮಾದರಿಗಳು ಗಂಟೆಗೆ 100 ಕಿಲೋಮೀಟರ್ ದಾಟುತ್ತವೆ. ಅವು ಅದ್ಭುತ ಯಂತ್ರಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಪೆಟ್ರೋಲ್ ಹೆಚ್ಚು ಕುಡಿಯುತ್ತವೆ, ಅದರಲ್ಲೂ ಹೆಚ್ಚು ಆಕ್ಟೇನ್ ಇರುವ ದುಬಾರಿ ಪೆಟ್ರೋಲನ್ನೇ ಕೇಳುವಂಥವು ಹಲವು. ನಿಗಾ ಇಡಬೇಕಾದ ಬಿಡಿಭಾಗಗಳೂ ಹೆಚ್ಚು. ಸೂಪರ್‌ಚಾರ್ಜರ್ ಇಲ್ಲದ ಮಧ್ಯಮ ಎಂಜಿನ್‌ಗಳನ್ನು ನೋಡಿ. ಯಮಹಾ ವಿಎಕ್ಸ್ ಸಾಲಿನ ಟಿಆರ್-1 ಎಂಜಿನ್ ಮೂರು ಸಿಲಿಂಡರ್‌ನದು, 1049 ಸಿಸಿ. ಇನ್ನೊಂದು ಬ್ರಾಂಡ್ ಸೀ-ಡೂವಿನ ಜಿಟಿಐ 130ರಲ್ಲಿ ಹೆಸರೇ ಹೇಳುವಂತೆ 130 ಅಶ್ವಶಕ್ತಿ. ಕವಾಸಾಕಿಯ ಎಸ್‌ಟಿಎಕ್ಸ್ 160ರಲ್ಲಿ 1498 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಇದೆ. ಇಬ್ಬರನ್ನು ಹೊತ್ತುಕೊಂಡು ದಿನವಿಡೀ ನಿಶ್ಚಿಂತೆಯಿಂದ ತಿರುಗಲು ಇವುಗಳಲ್ಲಿ ಯಾವುದಾದರೂ ಸಾಕು, ಸಾಕಾಗಿ ಮಿಗುತ್ತದೆ. ನನ್ನನ್ನು ಕೇಳಿದರೆ ಮೊದಲ ಖರೀದಿ ಈ ವರ್ಗದಿಂದ ಹೊರಗೆ ಹೋಗಲೇಬಾರದು.

ಇನ್ನು ಗಾತ್ರ. ಸೀ-ಡೂ ಸ್ಪಾರ್ಕ್‌ನಂಥ ಪುಟ್ಟ ಯಂತ್ರಗಳು ಬೆಲೆಯಲ್ಲಿ ಕಡಿಮೆ, ತೂಕ ಸುಮಾರು 200 ಕಿಲೋ ಅಷ್ಟೇ, ಸಾಗಿಸುವುದು ಸುಲಭ. ನಿಂತ ನೀರಿನಲ್ಲಿ ಒಬ್ಬರೇ ಆಡುವುದಕ್ಕೆ ಅದಕ್ಕಿಂತ ಖುಷಿಯ ವಸ್ತು ಇನ್ನೊಂದಿಲ್ಲ. ಆದರೆ ಗಾಳಿ ಎದ್ದು ನೀರು ಕದಡಿತೆಂದರೆ ಆ ಹಗುರ ಮೈಯೇ ಶತ್ರುವಾಗುತ್ತದೆ. 300 ಕಿಲೋ ಮೇಲ್ಪಟ್ಟ, ಮೂರು ಮೀಟರಿಗಿಂತ ಸಾಕಷ್ಟು ಉದ್ದದ ಯಂತ್ರ ಅಲೆಯನ್ನು ಕತ್ತರಿಸಿಕೊಂಡು ಹೋಗುವ ಕಡೆ ಇದು ಪ್ರತಿ ಅಲೆಯ ಮೇಲೂ ಹತ್ತಿ ಇಳಿಯುತ್ತದೆ. ಟ್ಯಾಂಕಿನ ವಿಷಯವೂ ಹಾಗೆಯೇ. ಸ್ಪಾರ್ಕ್‌ಗೆ ಹಿಡಿಸುವುದು ಸುಮಾರು 30 ಲೀಟರ್, ದೊಡ್ಡ ಯಂತ್ರಗಳಿಗೆ 70 ಲೀಟರ್ ಆಸುಪಾಸು. ದೂರ ಹೋಗಬೇಕೆಂದಿದ್ದರೆ ಈ ವ್ಯತ್ಯಾಸ ಸಣ್ಣದಲ್ಲ, ಏಕೆಂದರೆ ನೀರಿನ ಮೇಲೆ ಇಂಧನವನ್ನು ಮೂರು ಪಾಲು ಮಾಡುವುದು ಹಳೆಯ ಪದ್ಧತಿ: ಹೋಗಲು ಒಂದು, ಬರಲು ಒಂದು, ಕೈಯಲ್ಲಿ ಉಳಿಕೆಯಾಗಿ ಒಂದು. ಎದುರುಗಾಳಿ ಸಿಕ್ಕರೆ ಮೂರನೆಯ ಪಾಲಿಗೆ ಕೈಹಾಕಬೇಕಾದೀತು. ಅಂದರೆ 30 ಲೀಟರ್ ಟ್ಯಾಂಕಿನವರು ನೆಮ್ಮದಿಯಿಂದ ಹೋಗಬಹುದಾದದ್ದು 10 ಲೀಟರಿನ ದೂರ ಮಾತ್ರ.

ಮೂವರು ಕೂರಬಹುದು ಎಂದು ಬರೆದಿರುವ ಸೀಟಿನ ಬಗ್ಗೆ ಒಂದು ಮಾತು. ಮೂವರು ದೊಡ್ಡವರು ಅದರಲ್ಲಿ ಕೂತರೆ ಯಾರಿಗೂ ಸುಖವಿಲ್ಲ. ಮೂರು ಸೀಟಿನ ಯಂತ್ರವನ್ನು ಇಬ್ಬರಿಗೆ ಎಂದು, ಎರಡು ಸೀಟಿನದನ್ನು ಒಬ್ಬರಿಗೆ ಎಂದು ಲೆಕ್ಕ ಹಾಕಿ. ಎಷ್ಟು ಭಾರ ಹೊರಬಹುದು ಎಂಬುದನ್ನು ತಯಾರಕರು ಯಂತ್ರದ ಮೇಲೆಯೇ ಅಂಟಿಸಿರುತ್ತಾರೆ. ಜನರ ತೂಕಕ್ಕೆ ಸಾಮಾನಿನ ತೂಕವನ್ನೂ ಸೇರಿಸಿ ನೋಡಿ. ನಿಂತು ಓಡಿಸುವ ಮಾದರಿಗಳನ್ನು ನಾನು ಇಲ್ಲಿ ಎತ್ತುವುದೇ ಇಲ್ಲ. 1970ರ ದಶಕದಲ್ಲಿ ಕವಾಸಾಕಿ ತಂದದ್ದು ಆ ಬಗೆಯದೇ, ಮತ್ತು ಅದು ಕಸರತ್ತಿನ ವಾಹನ.

ಈಗ ನಾನು ಅತಿ ಮುಖ್ಯವೆಂದು ನಂಬಿರುವ ವಿಷಯಕ್ಕೆ ಬರುತ್ತೇನೆ. ಜೆಟ್ ಸ್ಕೀಗೆ ನೀರಿನಲ್ಲಿ ಇಳಿದ ಚುಕ್ಕಾಣಿ ಇರುವುದಿಲ್ಲ. ಒಳಗಿನ ಇಂಪೆಲ್ಲರ್ ಎಂಬ ತಿರುಗುವ ರೆಕ್ಕೆಚಕ್ರ ತಳದಿಂದ ನೀರನ್ನು ಎಳೆದು ಹಿಂದಿನ ನಳಿಕೆಯಿಂದ ರಭಸವಾಗಿ ಚಿಮ್ಮಿಸುತ್ತದೆ. ನೀವು ಹ್ಯಾಂಡಲ್ ತಿರುಗಿಸಿದಾಗ ತಿರುಗುವುದು ಆ ನಳಿಕೆ. ಥ್ರಾಟಲ್, ಅಂದರೆ ವೇಗ ಕೊಡುವ ಹಿಡಿ, ಬಿಟ್ಟರೆ ನೀರು ಚಿಮ್ಮುವುದು ನಿಲ್ಲುತ್ತದೆ, ಅದರೊಂದಿಗೆ ತಿರುಗುವ ಶಕ್ತಿಯೂ ಹೋಗುತ್ತದೆ. ಹ್ಯಾಂಡಲನ್ನು ಎಷ್ಟೇ ತಿರುಗಿಸಿದರೂ ಯಂತ್ರ ನೇರವಾಗಿ ಮುಂದಕ್ಕೆ ಜಾರುತ್ತಲೇ ಇರುತ್ತದೆ. ಎದುರಿಗೆ ಏನಾದರೂ ಅಡ್ಡ ಬಂದಾಗ ಮನುಷ್ಯನ ಕೈ ತಾನಾಗಿ ಮಾಡುವ ಕೆಲಸ ಥ್ರಾಟಲ್ ಬಿಡುವುದು. ರಸ್ತೆಯಲ್ಲಿ ನಮ್ಮನ್ನು ಉಳಿಸುವ ಅಭ್ಯಾಸ ನೀರಿನಲ್ಲಿ ಡಿಕ್ಕಿಗೆ ದಾರಿಯಾಗುತ್ತದೆ. ಹೊಸಬರ ಕೈಗೆ ಈ ಯಂತ್ರವನ್ನು ಕೊಡುವ ಮುಂಚೆ ಈ ಒಂದು ಸಂಗತಿಯನ್ನು ಹೇಳದಿರುವುದು ಅಪರಾಧ ಎಂದೇ ನಾನು ಭಾವಿಸುತ್ತೇನೆ. ವಿಶಾಲವಾದ, ಖಾಲಿ ನೀರಿನಲ್ಲಿ ಥ್ರಾಟಲ್ ಬಿಟ್ಟು ತಿರುಗಿಸಿ ನೋಡಬೇಕು, ಸ್ವಲ್ಪ ಥ್ರಾಟಲ್ ಕೊಟ್ಟು ತಿರುಗಿಸಿ ನೋಡಬೇಕು, ಕೈಗೆ ಅದು ಒಗ್ಗುವ ತನಕ ಮತ್ತೆ ಮತ್ತೆ ಮಾಡಬೇಕು.

ಇದೇ ಕಾರಣಕ್ಕೆ ಬ್ರೇಕ್ ಮತ್ತು ರಿವರ್ಸ್ ಇರುವ ಮಾದರಿಗೆ ಸ್ವಲ್ಪ ಹೆಚ್ಚು ಹಣ ಕೊಡಿ ಎನ್ನುತ್ತೇನೆ. ಸೀ-ಡೂ 2009ರ ಮಾದರಿಗಳಿಂದ ಐಬಿಆರ್ ಎಂಬ ವ್ಯವಸ್ಥೆಯನ್ನು ತಂದಿತು. ಯಮಹಾ 2015ರ ಮಾದರಿಗಳಲ್ಲಿ ರೈಡ್ ಎಂಬುದನ್ನು ಕೊಟ್ಟಿತು. ಹ್ಯಾಂಡಲ್‌ನ ಎಡಗಡೆಯ ಲಿವರ್ ಒತ್ತಿದರೆ ನಳಿಕೆಯ ಹಿಂದೆ ಒಂದು ಬಾಗಿಲು ಇಳಿದು ನೀರಿನ ಧಾರೆಯನ್ನು ಮುಂದಕ್ಕೆ ತಿರುಗಿಸುತ್ತದೆ, ವೇಗ ಬೇಗ ಇಳಿಯುತ್ತದೆ. ಕಿರಿದಾದ ಕಟ್ಟೆಗೆ ತಂದು ನಿಲ್ಲಿಸುವಾಗಲೂ ಇದರ ಉಪಕಾರ ದೊಡ್ಡದು. ಮ್ಯೂಸಿಕ್ ಸಿಸ್ಟಂ, ಬಣ್ಣದ ಪರದೆ, ಅವೆಲ್ಲ ಬಿಟ್ಟರೂ ನಡೆಯುತ್ತದೆ. ಬ್ರೇಕ್ ಬಿಡಬೇಡಿ. ಮತ್ತೆ, ಬ್ರೇಕ್ ಇದೆಯೆಂದು ಮೇಲೆ ಹೇಳಿದ ಅಭ್ಯಾಸವನ್ನೂ ಬಿಡಬೇಡಿ.

ನೀರಿಗೆ ಬಿದ್ದವರು ಮತ್ತೆ ಹತ್ತುವುದನ್ನು ಕೊಳ್ಳುವ ಮುಂಚೆಯೇ ಪರೀಕ್ಷಿಸಬೇಕು. ಯಂತ್ರ ನಿಲ್ಲಿಸಿ ಹಿಂಬದಿಯಿಂದ ಹತ್ತಬೇಕು, ಅದಕ್ಕೊಂದು ಮಡಚುವ ಮೆಟ್ಟಿಲು ಇರಲಿ. ಕಾಲೂರಲು ನೆಲ ಸಿಗದ ಆಳದಲ್ಲಿ, ಒದ್ದೆಯಾದ ಲೈಫ್ ಜಾಕೆಟ್ ತೊಟ್ಟುಕೊಂಡು, ದಣಿದ ತೋಳುಗಳಿಂದ ಮೇಲೇರುವುದು ಚಿತ್ರದಲ್ಲಿ ಕಾಣುವಷ್ಟು ಸಲೀಸಲ್ಲ. ನಿಮ್ಮ ಜೊತೆ ಬರುವವರೂ ಅದನ್ನು ಮಾಡಬಲ್ಲರೇ ನೋಡಿ. ಯಂತ್ರ ಮಗುಚಿದರೆ ಯಾವ ಕಡೆಗೆ ಹೊರಳಿಸಬೇಕೆಂದು ಹಿಂಬದಿಯಲ್ಲಿ ಚಿತ್ರ ಅಂಟಿಸಿರುತ್ತಾರೆ. ತಪ್ಪು ಕಡೆಗೆ ಹೊರಳಿಸಿದರೆ ಎಂಜಿನ್‌ಗೆ ನೀರು ನುಗ್ಗಬಹುದು.

ಉಡುಪಿನ ವಿಷಯದಲ್ಲಿ ಲೈಫ್ ಜಾಕೆಟ್ ಎಲ್ಲರಿಗೂ ಗೊತ್ತು. ದಪ್ಪ ರಬ್ಬರಿನಂಥ ನಿಯೋಪ್ರೀನ್ ಬಟ್ಟೆಯ ಚಡ್ಡಿಯ ವಿಷಯ ಯಾರೂ ಹೇಳುವುದಿಲ್ಲ. ಹಿಂದಕ್ಕೆ ಬಿದ್ದವರಿಗೆ ನಳಿಕೆಯ ಧಾರೆ ತಾಗಿದರೆ ದೇಹದ ಒಳಗೆ ತೀವ್ರ ಗಾಯವಾಗುತ್ತದೆ, ಮಾಮೂಲಿ ಈಜುಡುಪು ಅದನ್ನು ತಡೆಯುವುದಿಲ್ಲ. ತಯಾರಕರ ಎಚ್ಚರಿಕೆಯ ಚೀಟಿಯಲ್ಲಿ ಇದು ಸ್ಪಷ್ಟವಾಗಿ ಇದೆ. ಹಿಂದೆ ಕೂರುವವರಿಗಂತೂ ಇದು ಬೇಕೇ ಬೇಕು. ಎಂಜಿನ್ ನಿಲ್ಲಿಸುವ ಸುರಕ್ಷತಾ ಹಗ್ಗ ಚಾಲಕರ ಮಣಿಕಟ್ಟಿಗೋ ಜಾಕೆಟ್ಟಿಗೋ ಸಿಕ್ಕಿಸಿಕೊಂಡಿರಲಿ.

ಕೊಂಡಾಯಿತು. ಈಗ ಒಡೆತನ. ವಿಹಾರ ದಡ ಮುಟ್ಟಿದಾಗ ಮುಗಿಯಿತು ಎಂದುಕೊಂಡವರು ಈ ಯಂತ್ರವನ್ನು ಬಹಳ ಕಾಲ ಇಟ್ಟುಕೊಳ್ಳಲಾರರು. ಉಪ್ಪುನೀರಿನಿಂದ ಬಂದ ಪ್ರತಿ ಸಲವೂ ಒಳಗಿನ ತಂಪುಗೊಳಿಸುವ ಕೊಳವೆಗಳನ್ನು ಸಿಹಿನೀರಿನಿಂದ ತೊಳೆಯಬೇಕು. ಸೀ-ಡೂಗಳಲ್ಲಿ ಎಂಜಿನ್ ತಣಿಯುವುದು ಕೂಲಂಟ್‌ನಿಂದ, ಹೊರಗಿನ ನೀರು ಎಂಜಿನ್ ಒಳಗೆ ಹರಿಯುವುದಿಲ್ಲ. ಯಮಹಾ ಮತ್ತು ಕವಾಸಾಕಿಗಳಲ್ಲಿ ಹರಿಯುತ್ತದೆ. ಹಾಗೆಂದು ಸೀ-ಡೂ ಕೊಂಡವರು ತೊಳೆಯುವುದನ್ನು ಬಿಡುವ ಹಾಗಿಲ್ಲ, ಅದರ ಎಕ್ಸಾಸ್ಟ್, ಅಂದರೆ ಹೊಗೆಯ ಕೊಳವೆ, ಹೊರಗಿನ ನೀರಿನಿಂದಲೇ ತಣಿಯುತ್ತದೆ. ತೊಳೆಯುವ ಕ್ರಮ ತಪ್ಪಬಾರದು. ಮೊದಲು ಎಂಜಿನ್ ಶುರು, ಕೂಡಲೇ ನಲ್ಲಿ ತೆರೆಯುವುದು. ಮುಗಿಸುವಾಗ ಮೊದಲು ನಲ್ಲಿ ಮುಚ್ಚುವುದು, ಆಮೇಲೆ ಎಂಜಿನ್ ನಿಲ್ಲಿಸುವುದು. ಎಂಜಿನ್ ನಿಂತಿರುವಾಗ ನಲ್ಲಿ ಹರಿಯುತ್ತಿದ್ದರೆ ಆ ನೀರನ್ನು ಹೊರಗೆ ತಳ್ಳಲು ಎಕ್ಸಾಸ್ಟ್‌ನ ಒತ್ತಡ ಇರುವುದಿಲ್ಲ, ಅದು ಹಿಂದಕ್ಕೆ ಸಿಲಿಂಡರುಗಳತ್ತ ಏರುತ್ತದೆ. ನೆಲದ ಮೇಲೆ ಎಂಜಿನ್ ಎಷ್ಟು ಹೊತ್ತು ಓಡಬಹುದೆಂದು ಕೈಪಿಡಿಯಲ್ಲಿ ಇರುತ್ತದೆ. ಅದು ಕೆಲವೇ ನಿಮಿಷ. ಮೀರಬೇಡಿ.

ಹಿಂಬದಿಯಲ್ಲಿ ನೀರು ಬಸಿಯುವ ಬಿರಡೆಗಳಿವೆ. ತೊಳೆದ ಮೇಲೆ ಬಿಚ್ಚಿಡುತ್ತೇವೆ, ಮುಂದಿನ ಸಲ ಹಾಕದೆ ನೀರಿಗೆ ಇಳಿಸಿದರೆ ಯಂತ್ರ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಬಿಚ್ಚಿದ ಬಿರಡೆಯನ್ನು ಕೀಲಿಯ ಜೊತೆಗೇ ಕಟ್ಟಿಡುವುದು ಒಳ್ಳೆಯ ಉಪಾಯ, ಕೀಲಿ ಹುಡುಕಿದವರಿಗೆ ಬಿರಡೆಯೂ ಸಿಗುತ್ತದೆ. ಪೆಟ್ರೋಲ್ ತುಂಬಿಸಿದ ನಂತರ ಸೀಟು ಎತ್ತಿ, ಒಳಗೆ ಆವಿಯ ವಾಸನೆ ಇದೆಯೇ ಎಂದು ನೋಡಿ. ಇದ್ದರೆ ಶುರು ಮಾಡಲೇಬೇಡಿ.

ತೀರಾ ಆಳವಿಲ್ಲದ ಕಡೆ ಎಂಜಿನ್ ಓಡಿಸುವುದರಿಂದ ಪಂಪಿಗೆ ಆಗುವ ಹಾನಿ ನಿಧಾನಕ್ಕೆ ಗೊತ್ತಾಗುತ್ತದೆ. ತಳದ ಮರಳು, ಕಲ್ಲಿನ ಚೂರು ಒಳಗೆ ಸೇರಿ ಇಂಪೆಲ್ಲರಿನ ಅಂಚನ್ನೂ ಅದರ ಸುತ್ತಲಿನ ಬಳೆಯನ್ನೂ ಸವೆಸುತ್ತವೆ. ಆಮೇಲೆ ಎಂಜಿನ್ ಕೂಗುತ್ತದೆ, ಯಂತ್ರ ಮುಂದೆ ಹೋಗುವುದಿಲ್ಲ. ತಳದ ಕೆಳಗೆ ಕನಿಷ್ಠ 60ರಿಂದ 90 ಸೆಂಟಿಮೀಟರ್ ನೀರು ಸಿಗುವ ತನಕ ಕೈಯಿಂದ ತಳ್ಳಿಕೊಂಡು ಹೋಗಿ. ಜೊಂಡು ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ಸುರಕ್ಷತಾ ಹಗ್ಗ ಕಳಚಿದ ಮೇಲೆಯೇ ಕೈಹಾಕಿ. ಕೆಟ್ಟುನಿಂತ ಯಂತ್ರವನ್ನು ಇನ್ನೊಂದು ದೋಣಿ ಎಳೆದು ತರುವಾಗಲೂ ಹುಷಾರು. ವೇಗವಾಗಿ ಎಳೆದರೆ ಒಳಗೆ ನುಗ್ಗುವ ನೀರು ಎಂಜಿನ್‌ವರೆಗೂ ಹೋಗುತ್ತದೆ, ಹಾಗಾಗಿ ನಡಿಗೆಯ ವೇಗ ಸಾಕು.

ಹಳೆಯದನ್ನು ಕೊಳ್ಳುವವರು ಗಂಟೆಗಳ ಮೀಟರನ್ನು ನೋಡುತ್ತಾರೆ. ನೋಡಬೇಕು, ಆದರೆ ಅದೊಂದನ್ನೇ ನಂಬಬಾರದು. ಕಡಿಮೆ ಗಂಟೆ ಓಡಿ ತೊಳೆಯದೆ ಬಿದ್ದಿದ್ದ ಯಂತ್ರಕ್ಕಿಂತ, ಹೆಚ್ಚು ಓಡಿ ಸರಿಯಾಗಿ ಸರ್ವಿಸ್ ಕಂಡದ್ದನ್ನೇ ನಾನು ಆರಿಸುತ್ತೇನೆ. ಸೀಟು ಎತ್ತಿ ಬೋಲ್ಟುಗಳ ತುಕ್ಕು ನೋಡಿ, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಟಾರ್ಚ್ ಹಿಡಿದು ಇಂಪೆಲ್ಲರ್ ನೋಡಿ, ಟ್ರೇಲರಿನ ಚಕ್ರದ ಬೇರಿಂಗ್‌ಗಳನ್ನು ಮರೆಯಬೇಡಿ. ಸೀ-ಡೂವಿನ ಹಳೆಯ ಸೂಪರ್‌ಚಾರ್ಜರ್ ಮಾದರಿ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಬೇಡಿ. ಅದರೊಳಗೆ ಸೆರಾಮಿಕ್ ವಾಷರುಗಳಿದ್ದವು, ನಿಗದಿತ ಗಂಟೆಗಳಿಗೆ ಬಿಚ್ಚಿ ಭಾಗ ಬದಲಿಸದಿದ್ದರೆ ಅವು ಒಡೆದು ಚೂರುಗಳು ಎಂಜಿನ್‌ಗೆ ಸೇರುತ್ತಿದ್ದವು.

ಇನ್ನು ನೀರಿನ ಮೇಲಿರುವ ಉಳಿದವರು. ಜೆಟ್ ಸ್ಕೀ ಎಂದರೆ ಮುಖ ಸಿಂಡರಿಸುವ ಜನ ಎಲ್ಲ ಕಡೆ ಇದ್ದಾರೆ, ಅವರ ಸಿಟ್ಟಿಗೆ ಕಾರಣವಿದೆ. ಒಂದೇ ಜಾಗದಲ್ಲಿ ಸುತ್ತು ಹೊಡೆಯುತ್ತಾ ಗಂಟೆಗಟ್ಟಲೆ ಒಂದೇ ದಡಕ್ಕೆ ಆ ಕೂಗನ್ನು ಕೇಳಿಸುವವರು ಉಳಿದ ಎಲ್ಲ ಸವಾರರ ಹೆಸರನ್ನೂ ಕೆಡಿಸುತ್ತಾರೆ. ವಿಹಾರಿಗಳಾದ ನಮಗೆ ಆ ಅಗತ್ಯವೇ ಇಲ್ಲ. ದಡ ಬಿಟ್ಟು ದೂರ ಸರಿದು, ಸಾಲು ಹಿಡಿದು ಸಾಗಿಬಿಟ್ಟರೆ ಆಯಿತು. ಎದುರಿಗೆ ದೋಣಿ ಬಂದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ಸರಿಯಬೇಕು. ಬಲಗಡೆಯಿಂದ ಅಡ್ಡ ಬರುವ ಯಂತ್ರದೋಣಿಗೆ ನೀವು ದಾರಿ ಬಿಡಬೇಕು. ಹಾಯಿದೋಣಿಗೂ ನೀವೇ ದಾರಿ ಬಿಡಬೇಕು. ಸಾಮಾನ್ಯವಾಗಿ ಈ ಯಂತ್ರಗಳಲ್ಲಿ ರಾತ್ರಿ ಸಂಚಾರಕ್ಕೆ ಬೇಕಾದ ದೀಪಗಳು ಇರುವುದಿಲ್ಲ, ಸೂರ್ಯ ಮುಳುಗುವ ಹೊತ್ತಿಗೆ ನೀವು ದಡದಲ್ಲಿರಬೇಕು. ಮೀನು ಹಿಡಿಯುವವರು ಬಲೆ ಹರಡಿ ಕೂತಿದ್ದರೆ, ಈಜುವವರ ತಲೆಗಳು ಕಂಡರೆ, ಹಕ್ಕಿಗಳು ಗೂಡು ಕಟ್ಟಿರುವ ಜೊಂಡಿನ ಹತ್ತಿರ ಬಂದರೆ, ಹಿಂದೆ ಅಲೆ ಏಳದಷ್ಟು ನಿಧಾನಕ್ಕೆ ಇಳಿಸಿ, ಸಾಧ್ಯವಾದಷ್ಟು ದೂರದಿಂದ ಬಳಸಿಕೊಂಡು ಹೋಗಿ.